ಕೈಗುಣವಲ್ಲ, ಬೆಳಕು

ಅಲ್ ಅಜೀಜಿಯಾದ ನಮ್ಮ ಮನೆಗಳಲ್ಲಿ ಜೂನ್ ಎಂದರೆ ಕಿಟಕಿಗಳಿಗೆ ದಪ್ಪ ಪರದೆ ಇಳಿಯುವ ಕಾಲ. ಹೊರಗೆ 40 ಡಿಗ್ರಿ ಮೀರಿದ ತಾಪ. ಬಾಲ್ಕನಿಯಲ್ಲಿದ್ದ ತುಳಸಿ, ದೊಡ್ಡಪತ್ರೆ, ಕರಿಬೇವಿನ ಕುಂಡಗಳು ಒಳಗೆ ಬರುತ್ತವೆ. ಆಗಸ್ಟ್ ವೇಳೆಗೆ ತುಳಸಿಯ ಕಾಂಡ ನೀಳವಾಗಿ ಬಾಗಿ, ಎಲೆಗಳು ಬಿಳಿಚಿ ಉದುರುತ್ತವೆ. ನಮ್ಮ ಕೈಗುಣವೇ ಸರಿಯಿಲ್ಲವೆಂದು ನಿಟ್ಟುಸಿರಿಟ್ಟು ಮತ್ತೊಂದು ಸಸಿಯನ್ನು ಹುಡುಕುತ್ತೇವೆ. ಕೊರತೆಯಿರುವುದು ಕೈಯಲ್ಲಲ್ಲ, ಬೆಳಕಿನಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಹಜಾರದ ದೀಪ ನಮ್ಮ ಕಣ್ಣಿಗೆ ಹಗಲಿನಂತೆ ಕಂಡರೂ ಅದು ಕೊಡುವುದು ಕೆಲವು ನೂರು ಲಕ್ಸ್ ಬೆಳಕನ್ನು ಮಾತ್ರ. ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್‌ನ ಸಮೀಪಕ್ಕೆ ಏರುತ್ತದೆ. ಆದುದರಿಂದ ಚಾವಣಿಯ ಟ್ಯೂಬ್‌ಲೈಟಿನ ಕೆಳಗಿಟ್ಟ ಗಿಡ ಹಸಿದೇ ಇರುತ್ತದೆ.

ಇದಕ್ಕೆ ದುಬಾರಿಯಾದ ನೇರಳೆ ಬಣ್ಣದ ದೀಪವೇ ಬೇಕೆಂಬ ನಂಬಿಕೆಯನ್ನು ನಾವು ಒಪ್ಪೆವು. ಅಂಥದೊಂದನ್ನು ಕೊಂಡು, ಎತ್ತರದಲ್ಲಿ ತೂಗುಹಾಕಿ, ಸಸಿಯನ್ನು ಕಳೆದುಕೊಂಡ ಅನುಭವ ನಮಗೂ ಇದೆ. ಸಾಮಾನ್ಯ ಬಿಳಿ ಟ್ಯೂಬ್‌ಲೈಟೇ ಸಾಕು. 6500 ಕೆಲ್ವಿನ್ ಎಂದು ಬರೆದಿರುವ ದೀಪದಲ್ಲಿ ನೀಲಿಯ ಅಂಶ ಹೆಚ್ಚು. ಅದರಡಿ ಸಸಿ ಗಿಡ್ಡವಾಗಿ, ದಟ್ಟವಾಗಿ ಬೆಳೆಯುತ್ತದೆ. ಎರಡು ದೀಪಗಳಿಗೆ ಅವಕಾಶವಿದ್ದರೆ ಇನ್ನೊಂದು 3000 ಕೆಲ್ವಿನ್‌ನ ಹಳದಿ ಛಾಯೆಯದಾಗಿರಲಿ. ಮುಖ್ಯವಾದುದು ಅಂತರ: ದೀಪವು ಎಲೆಗಳ ತುದಿಯಿಂದ 15ರಿಂದ 20 ಸೆಂಟಿಮೀಟರ್ ಮೇಲಿರಬೇಕು, ಗಿಡ ಬೆಳೆದಂತೆ ಅದನ್ನೂ ಏರಿಸಬೇಕು. ದೀಪದ ಎರಡು ತುದಿಗಳಲ್ಲಿ ಬೆಳಕು ಕಡಿಮೆಯಾದ್ದರಿಂದ ಕುಂಡಗಳು ಮಧ್ಯದಲ್ಲಿರಲಿ. ದಿನಕ್ಕೆ 14 ಗಂಟೆ ಬೆಳಕು ಸಾಕು. ಉಳಿದ ಹೊತ್ತು ಗಿಡಕ್ಕೂ ಕತ್ತಲೆ ಬೇಕು. ಮೆಂತ್ಯ, ಕೊತ್ತಂಬರಿ, ದೊಡ್ಡಪತ್ರೆಗಳು ಇಷ್ಟಕ್ಕೇ ಒಲಿಯುತ್ತವೆ. ಕರಿಬೇವು ಹೆಚ್ಚು ಬಿಸಿಲು ಬೇಡುವ ಗಿಡ. ಟ್ಯೂಬ್‌ಲೈಟು ಅದಕ್ಕೆ ಬೇಸಗೆ ಕಳೆಯುವ ಆಸರೆ ಮಾತ್ರ.

ಮನೆಯಲ್ಲಿ ಈಗಾಗಲೇ ಫ್ಲೋರೊಸೆಂಟ್ ದೀಪವಿದ್ದರೆ ಅದನ್ನೇ ಬಳಸೋಣ. ಹೊಸದಾಗಿ ಕೊಳ್ಳುವವರು ಮಾತ್ರ ಎಲ್‌ಇಡಿಯನ್ನು ಆರಿಸುವುದು ಲೇಸು. ಫ್ಲೋರೊಸೆಂಟ್ ದೀಪದೊಳಗೆ ಪಾದರಸವಿದೆ; ಆ ಕಾರಣದಿಂದಲೇ ಮಿನಮಾಟ ಒಪ್ಪಂದದ ರಾಷ್ಟ್ರಗಳು ಇವುಗಳ ತಯಾರಿಕೆಯನ್ನೂ ಆಮದು-ರಫ್ತನ್ನೂ 2027ರ ಹೊತ್ತಿಗೆ ಕೊನೆಗೊಳಿಸಲು 2023ರಲ್ಲಿ ನಿರ್ಧರಿಸಿದವು. ದೀಪ ಬದಲಾದರೂ ಅಂತರದ ಎಚ್ಚರ, ಹೊತ್ತಿನ ನಿಯಮ ಬದಲಾಗವು.

ಕಾರ್ತಿಕ ಮಾಸದ ಉತ್ಥಾನ ದ್ವಾದಶಿಯ ಹೊತ್ತಿಗೆ ಇಲ್ಲಿಯೂ ಬಿಸಿಲು ತಗ್ಗಿ ಬಾಲ್ಕನಿಯ ಬಾಗಿಲು ತೆರೆಯುತ್ತದೆ. ಅಂದು ನಮ್ಮ ಮಕ್ಕಳು ಪ್ಲಾಸ್ಟಿಕ್ ತುಳಸಿಯ ಮುಂದಲ್ಲ, ತಾವೇ ಬೇಸಗೆಯುದ್ದಕ್ಕೂ ಕಾಪಾಡಿದ ಗಿಡದ ಮುಂದೆ ಹಣತೆ ಹಚ್ಚುವಂತಾಗಲಿ. ಈ ಜೂನ್‌ನಲ್ಲಿ ಪರದೆ ಇಳಿಸುವಾಗ ದೀಪವನ್ನೂ ಒಂದಿಷ್ಟು ಕೆಳಗಿಳಿಸೋಣ.