ಸ್ಪೀಕರ್ ಶೋಕೇಸಿನ ವಸ್ತುವಲ್ಲ

ಲಕ್ಷ ರೂಪಾಯಿ ಕೊಟ್ಟು ತಂದ ಸ್ಪೀಕರುಗಳು ಬಹಳಷ್ಟು ಮನೆಗಳಲ್ಲಿ ಬಂದ ದಿನವೇ ಕೆಡುತ್ತವೆ. ಕೆಡುವುದು ಸಾಗಾಟದಲ್ಲಲ್ಲ, ಕರೆಂಟಿನ ಏರುಪೇರಿನಿಂದಲೂ ಅಲ್ಲ. ಟಿವಿ ಯೂನಿಟ್ಟಿನಲ್ಲಿ ಬಡಗಿ ಅವಕ್ಕೆಂದೇ ಬಿಟ್ಟಿರುವ ಗೂಡಿನಲ್ಲಿ. ಗೂಡು ಒಂದೇ ಇದ್ದರೆ ಎರಡನೆಯ ಸ್ಪೀಕರು ಶೋಕೇಸಿನ ನೆತ್ತಿಗೆ ಏರುತ್ತದೆ, ಗಣಪತಿಗೂ ಮಗಳ ಟ್ರೋಫಿಗಳಿಗೂ ನಡುವೆ. ಎತ್ತರ ಸಾಲದಿದ್ದರೆ ಅಡ್ಡ ಮಲಗುತ್ತದೆ. ಆರು ತಿಂಗಳಾಗುವಷ್ಟರಲ್ಲಿ ಮನೆಯವರಿಗೆ ಏನೋ ಸರಿಯಿಲ್ಲ ಅನ್ನಿಸತೊಡಗುತ್ತದೆ. ಆಗ ಹೊಸ ಆಂಪ್ಲಿಫೈಯರಿನ ಬೆಲೆ ವಿಚಾರಿಸುತ್ತಾರೆ, ದಪ್ಪ ಕೇಬಲ್ ತರಿಸುತ್ತಾರೆ. ಸ್ಪೀಕರನ್ನು ಒಂದಡಿ ಮುಂದಕ್ಕೆ ಎಳೆದು ನೋಡುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಅದಕ್ಕೆ ಬಿಲ್ ಬರುವುದಿಲ್ಲವಲ್ಲ!

ಇದನ್ನು ಶೋಕಿಲಾಲರ ತಾಪತ್ರಯ ಎಂದು ತಳ್ಳಿಹಾಕುವುದು ಸುಲಭ. ಆದರೆ ಪುಣೆಯಲ್ಲೋ ದಿಲ್ಲಿಯಲ್ಲೋ ಬೆಳೆಯುವ ಕನ್ನಡದ ಮಗುವಿನ ಕಿವಿಗೆ ಅಪ್ಪ ಅಮ್ಮ ಅಜ್ಜಿಯ ದನಿ ಬಿಟ್ಟರೆ ಕನ್ನಡ ಬೀಳುವುದು ಹೆಚ್ಚಾಗಿ ಈ ಪೆಟ್ಟಿಗೆಗಳಿಂದಲೇ: ಭಾವಗೀತೆ, ದಾಸರ ಪದ, ವಚನ, ಸಿನೆಮಾ ಹಾಡು. ಸಕಾರ ಶಕಾರಗಳ ವ್ಯತ್ಯಾಸ, ತಕಾರ ಟಕಾರಗಳ ವ್ಯತ್ಯಾಸ ತಿಳಿಯುವುದು ಧ್ವನಿಯ ಮೇಲ್ಭಾಗದಲ್ಲಿ, ಸುಮಾರು 2,000 ಹರ್ಟ್ಸ್‌ನಿಂದ ಮೇಲಕ್ಕೆ. ಆ ಭಾಗವನ್ನು ನುಡಿಸುವ ಚಿಕ್ಕ ಟ್ವೀಟರ್ ಟಾರ್ಚಿನ ಹಾಗೆ, ಎತ್ತ ತಿರುಗಿದೆಯೋ ಅತ್ತಲೇ ಹೆಚ್ಚು ಬೆಳಕು. ಕಪಾಟಿನ ಮೇಲಿಟ್ಟರೆ ಅದು ಸೀಲಿಂಗ್ ಫ್ಯಾನಿಗೆ ಹಾಡುತ್ತದೆ. ನೆಲದ ಮೇಲಿಟ್ಟರೆ ಮೊಣಕಾಲಿಗೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಇದೇ ಮೇಲ್ಭಾಗವನ್ನು. "ಪದಾನೇ ತಿಳಿಯಂಗಿಲ್ಲೋ ತಮ್ಮಾ" ಎಂದು ಮನೆಯ ಹಿರಿಯರು ಹೇಳಿದರೆ ಮಗ ವಾಲ್ಯೂಮ್ ಏರಿಸುತ್ತಾನೆ. ಏರುವುದು ಗುಂಯ್ ಎಂಬ ಮೊರೆತ, ಪದವಲ್ಲ. ಕೊನೆಗೆ ತಪ್ಪು ಹಿರಿಯರ ಕಿವಿಯದ್ದಾಗುತ್ತದೆ.

ಸ್ಟೀರಿಯೊ ಹುಟ್ಟಿದ್ದೇ ಜಾಗದ ಪ್ರಶ್ನೆಯಿಂದ. 1931ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್ಲೇನ್ ಅದರ ಪೇಟೆಂಟಿಗೆ ಅರ್ಜಿ ಹಾಕಿದ. ಸಿನೆಮಾ ಪರದೆಯಲ್ಲಿ ನಟ ಈ ಕಡೆಯಿಂದ ಆ ಕಡೆಗೆ ನಡೆದರೂ ದನಿ ಮಾತ್ರ ನಿಂತಲ್ಲೇ ನಿಂತಿರುತ್ತದೆ ಎಂಬ ಕಿರಿಕಿರಿಯೇ ಅದರ ಮೂಲ ಎಂಬ ಕತೆ ಅವನ ಬಗ್ಗೆ ಪ್ರಚಲಿತ. ಎರಡು ಪೆಟ್ಟಿಗೆ ಸೇರಿ, ಪೆಟ್ಟಿಗೆಯೇ ಇಲ್ಲದ ನಡುಜಾಗದಲ್ಲಿ ಹಾಡುಗಾರನನ್ನು ಕೂರಿಸಬೇಕು. ಅದು ಆಗುವುದು ಎರಡೂ ದನಿ ಕಿವಿಗೆ ಒಟ್ಟಿಗೆ ತಲುಪಿದಾಗ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಒಂದು ಸ್ಪೀಕರು ಇನ್ನೊಂದಕ್ಕಿಂತ ಒಂದಡಿ ಹತ್ತಿರವಿದ್ದರೆ ಅದರ ದನಿ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಮೊದಲೇ ಬರುತ್ತದೆ. ಅಷ್ಟು ಸಾಕು, ಹಾಡುಗಾರ ಎದ್ದು ಹತ್ತಿರದ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತಾನೆ. ಆಮೇಲೆ ಇನ್ನೊಂದು ಸ್ಪೀಕರಿಗೆ ಕೊಟ್ಟ ಅರ್ಧ ದುಡ್ಡು ಅಲಂಕಾರಕ್ಕೆ ಕೊಟ್ಟ ಹಾಗೆ.

ಇನ್ನು ಗೋಡೆ. ಆಳದ ಸ್ವರಗಳು ಟಾರ್ಚಿನಂತಲ್ಲ, ಕೆರೆಯ ಅಲೆಯಂತೆ. ಪೆಟ್ಟಿಗೆಯ ಹಿಂದಕ್ಕೂ ಹೋಗಿ ಗೋಡೆಗೆ ಬಡಿದು ವಾಪಸು ಬರುತ್ತವೆ. ಸ್ಪೀಕರು ಗೋಡೆಗೆ ಅಂಟಿಕೊಂಡಿದ್ದರೆ ವಾಪಸು ಬಂದದ್ದು ನೇರ ಬಂದದ್ದಕ್ಕೆ ಸೇರಿ 6 ಡೆಸಿಬಲ್‌ವರೆಗೆ ಉಬ್ಬುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚು. "ಬಾಸ್ ಸೂಪರ್" ಎಂದು ನೆಂಟರು ಹೊಗಳುವ ಮನೆಗಳಲ್ಲಿ ಆಗಿರುವುದು ಇಷ್ಟೇ. ದೂರವಿದ್ದರೆ ಬೇರೆ ಆಟ: ವಾಪಸು ಬಂದ ಅಲೆ ಒಂದು ಸ್ವರದಲ್ಲಿ ನೇರ ಅಲೆಗೆ ಎದುರಾಗಿ ಅದನ್ನು ತಿಂದುಹಾಕುತ್ತದೆ. ಗೋಡೆಯಿಂದ 1 ಮೀಟರ್ ದೂರದಲ್ಲಿದ್ದರೆ ಸುಮಾರು 86 ಹರ್ಟ್ಸ್, ಅರ್ಧ ಮೀಟರಿನಲ್ಲಿದ್ದರೆ 172.

ಈ 172 ಬರೀ ಅಂಕಿಯಲ್ಲ. ಹಾರ್ಮೋನಿಯಂನ ಕರಿ ಒಂದನ್ನು ಷಡ್ಜ ಮಾಡಿಕೊಂಡು ಹಾಡುವ ಗಂಡಸರ ಮಧ್ಯ ಸಪ್ತಕದ ಷಡ್ಜ ಸುಮಾರು 139 ಹರ್ಟ್ಸ್. ಶುದ್ಧ ಗಾಂಧಾರ 173. ಅಂದರೆ ಅರ್ಧ ಮೀಟರಿನಲ್ಲಿಟ್ಟ ಸ್ಪೀಕರು ಆ ಗಾಂಧಾರದ ಬುಡವನ್ನೇ ಸವೆಸುತ್ತದೆ. ಸ್ವರ ಮಾಯವಾಗುವುದಿಲ್ಲ, ಅದರ ಮೇಲಿನ ಎಳೆಗಳು ಉಳಿಯುತ್ತವೆ, ಆದರೆ ತೆಳ್ಳಗಾಗುತ್ತದೆ. ಗಾಯಕ ನ್ಯಾಸ ಮಾಡಿ ನಿಂತಲ್ಲಿ ನೆಲ ಕುಸಿದಂತೆ ಕೇಳಿಸುತ್ತದೆ. ಸ್ಪೀಕರಿನ ಅಕ್ಕಪಕ್ಕದ ಗೋಡೆ, ಹಿಂದಿನ ಗೋಡೆ, ನೆಲ ಮೂರೂ ಒಂದೇ ದೂರದಲ್ಲಿದ್ದರೆ ಮೂರೂ ಸೇರಿ ಒಂದೇ ಸ್ವರವನ್ನು ತಿನ್ನುತ್ತವೆ. ದೂರಗಳು ಬೇರೆ ಬೇರೆಯಾದರೆ ಪೆಟ್ಟು ಹಂಚಿಹೋಗುತ್ತದೆ. ಗೋಡೆಗಳು ಸ್ಪೀಕರಿನ ಶಕ್ತಿಯನ್ನು ಹೇಗೆ ಹೆಚ್ಚುಕಡಿಮೆ ಮಾಡುತ್ತವೆಂದು ಅಮೆರಿಕದ ರಾಯ್ ಆಲಿಸನ್ ಲೆಕ್ಕ ಸಮೇತ ಪ್ರಕಟಿಸಿದ್ದು 1974ರಲ್ಲಿ. ಐವತ್ತು ವರ್ಷವಾದರೂ ಮಾಡ್ಯುಲರ್ ಫರ್ನಿಚರಿನ ನಕ್ಷೆ ಬರೆಯುವವರಿಗೆ ಆ ಸುದ್ದಿ ತಲುಪಿಲ್ಲ.

ಕೂರುವ ಜಾಗದ ಕತೆ ಇದಕ್ಕಿಂತ ಕೆಟ್ಟದ್ದು. ಸೋಫಾ ಎಂದರೆ ಗೋಡೆಗೆ ಬೆನ್ನು ಕೊಟ್ಟು ಇರಬೇಕೆಂಬುದು ದೇಶದ ಅಲಿಖಿತ ಕಾನೂನು. ಹಾಲ್ 16 ಅಡಿ ಉದ್ದ ಎಂದುಕೊಳ್ಳೋಣ. ಆ ಉದ್ದಕ್ಕೆ ಒಗ್ಗುವ ಒಂದು ಅಲೆ ಸುಮಾರು 70 ಹರ್ಟ್ಸ್‌ನದು. ಕರಿ ಒಂದರ ತಂಬೂರಿಯ ಖರ್ಜದ ತಂತಿ ಮಿಡಿಯುವುದು ಸರಿಯಾಗಿ ಅಲ್ಲೇ. ತಬಲಾದ ಡಗ್ಗಾದ ಗುಂಕಾರವೂ ಅದರ ಆಸುಪಾಸಿನಲ್ಲೇ. ಈ ಅಲೆ ಗೋಡೆಯ ಬಳಿ ಅತಿ ಜೋರು, ಗೋಡೆಯಿಂದ 4 ಅಡಿಯಲ್ಲಿ ಹೆಚ್ಚುಕಡಿಮೆ ಶೂನ್ಯ. ಗೋಡೆಗಂಟಿದ ಸೋಫಾದಲ್ಲಿ ಡಗ್ಗಾ ಡೋಲಾಗುತ್ತದೆ. 4 ಅಡಿ ಮುಂದೆ ಕುರ್ಚಿ ಹಾಕಿ ಕೂತವರಿಗೆ ಅದೇ ಡಗ್ಗಾ ಬಡಕಲು. 2 ಅಡಿ ಮುಂದೆ ಬಂದರೆ ಎರಡರ ನಡುವಿನ ಹದ. ಸ್ಪೀಕರು ಅದೇ, ಆಂಪ್ಲಿಫೈಯರ್ ಅದೇ, ಮುದ್ರಿಕೆಯೂ ಅದೇ. ಸಾಮಾನ್ಯ ಗಾತ್ರದ ಕೋಣೆಗಳಲ್ಲಿ ಸುಮಾರು 200-300 ಹರ್ಟ್ಸ್‌ನ ಕೆಳಗೆ ಯಜಮಾನಿಕೆ ಕೋಣೆಯದ್ದು, ಸ್ಪೀಕರಿನ ಕಂಪನಿಯದ್ದಲ್ಲ. ಕೆನಡಾದ ಫ್ಲಾಯ್ಡ್ ಟೂಲ್ ದಶಕಗಳ ಕಾಲ ಅಳೆದು ಬರೆದ ಮಾತುಗಳಲ್ಲಿ ಮುಖ್ಯವಾದದ್ದೊಂದು ಇದು.

ಈಗ ಕೇಬಲ್ಲಿನ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ಸಾದಾ ತಾಮ್ರದ ವೈರು 5 ಮೀಟರ್ ಎಳೆದರೆ, ಹೋಗಿಬರುವ 10 ಮೀಟರಿಗೆ ಅದರ ರೋಧ ಸುಮಾರು 0.07 ಓಮ್. 8 ಓಮ್‌ನ ಸ್ಪೀಕರಿನಲ್ಲಿ ಅದರಿಂದಾಗುವ ನಷ್ಟ ಡೆಸಿಬಲ್ಲಿನ ಹತ್ತರಲ್ಲೊಂದು ಪಾಲೂ ಇಲ್ಲ. ಯಾರ ಕಿವಿಗೂ ಸಿಗದ ಈ ನಷ್ಟಕ್ಕೆ ಬೆಳ್ಳಿ ಲೇಪದ ಕೇಬಲ್, ಕೇಬಲ್ಲಿಗೆ ಮರದ ಪುಟ್ಟ ಮೇಜು. ಕಿವಿಗೆ ಢಾಳಾಗಿ ಕೇಳುವ 6 ಡೆಸಿಬಲ್ಲಿನ ಉಬ್ಬಿಗೆ ಮಾತ್ರ ಕುರುಡು. ಲ್ಯಾಮಿಂಗ್ಟನ್ ರೋಡಿನಲ್ಲಿ, ಚೆನ್ನೈನ ರಿಚ್ಚಿ ಸ್ಟ್ರೀಟಿನಲ್ಲಿ, ದಿಲ್ಲಿಯ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಏನು ಬೇಕಾದರೂ ಕೊಳ್ಳಬಹುದು, ಗೋಡೆಯಿಂದ ಎರಡಡಿ ಜಾಗವೊಂದನ್ನು ಬಿಟ್ಟು.

"ಬುಕ್‌ಶೆಲ್ಫ್ ಸ್ಪೀಕರ್" ಎಂಬ ಹೆಸರು ಮಾಡಿರುವ ಅನಾಹುತವೂ ಸಣ್ಣದಲ್ಲ. ಅದು ಗಾತ್ರದ ಹೆಸರು, ವಿಳಾಸವಲ್ಲ. ಎಷ್ಟೋ ಪೆಟ್ಟಿಗೆಗಳಿಗೆ ಬೆನ್ನಿನಲ್ಲಿ ಗಾಳಿ ಆಡುವ ತೂತಿರುತ್ತದೆ; ಅವನ್ನು ಪುಸ್ತಕಗಳ ನಡುವೆ ತುರುಕಿದರೆ ಮೂಗು ಮುಚ್ಚಿ ಹಾಡಿಸಿದ ಹಾಗೆ. ಅಡ್ಡ ಮಲಗಿಸಿದರೆ ದೊಡ್ಡ ಡ್ರೈವರ್ ಒಂದು ಪಕ್ಕ, ಟ್ವೀಟರ್ ಇನ್ನೊಂದು ಪಕ್ಕ. ಸೋಫಾದ ಈ ತುದಿಯವರಿಗೆ ಒಂದು ದನಿ, ಆ ತುದಿಯವರಿಗೆ ಮತ್ತೊಂದು. ಗೋಡೆಗೆ ಹತ್ತಿರ ಇಡಲೆಂದೇ ಮಾಡಿದ ಸ್ಪೀಕರುಗಳೂ ಇವೆ, ನಿಜ. ಅದನ್ನು ಅವುಗಳ ಕೈಪಿಡಿಯೇ ಹೇಳುತ್ತದೆ. ಆ ಕೈಪಿಡಿ ಪ್ಲಾಸ್ಟಿಕ್ ಚೀಲದಿಂದ ಹೊರಗೆ ಬಂದಿದ್ದರೆ.

"ಮುಂಬೈಯ ಹತ್ತಡಿ ಕೋಣೆಯಲ್ಲಿ ಇದೆಲ್ಲ ಆಗುವ ಮಾತೇ?" ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ ಇದು, ಎಲ್ಲಕ್ಕಿಂತ ದುರ್ಬಲವಾದದ್ದೂ ಇದೇ. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ಎಲ್‌ಎಸ್3/5ಎ ಎಂಬ ಒಂದಡಿ ಎತ್ತರದ ಪೆಟ್ಟಿಗೆಯನ್ನು ರೂಪಿಸಿದ್ದು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳುವುದಕ್ಕೆ. ವ್ಯಾನಿಗಿಂತ ಚಾಳಿನ ಖೋಲಿ ದೊಡ್ಡದು. ಚಿಕ್ಕ ಜಾಗದಲ್ಲಿ ಉಪಾಯ ಸರಳ: ತ್ರಿಕೋನವನ್ನೇ ಚಿಕ್ಕದು ಮಾಡುವುದು. ಎರಡು ಸ್ಪೀಕರುಗಳ ನಡುವೆ ನಾಲ್ಕಡಿ, ಕಿವಿಗೂ ಅಷ್ಟೇ ದೂರ, ಎರಡರ ಮುಖವೂ ಕೇಳುವವರ ಭುಜದತ್ತ ತುಸು ತಿರುಗಿ. ಹತ್ತಿರ ಕೂತಷ್ಟೂ ನೇರ ದನಿ ಹೆಚ್ಚು, ಗೋಡೆಯ ಪ್ರತಿಧ್ವನಿ ಕಡಿಮೆ. ವಾಲ್ಯೂಮೂ ಕಡಿಮೆ ಸಾಕು, ಪಕ್ಕದ ಫ್ಲಾಟಿನವರು ಗೋಡೆ ತಟ್ಟುವುದಿಲ್ಲ. ದೊಡ್ಡ ಹಾಲಿನವರಿಗಿಂತ ಸಣ್ಣ ಖೋಲಿಯವರಿಗೆ ಇದು ಸಲೀಸು. ಹಾಲ್ ಎಲ್ ಆಕಾರದಲ್ಲಿದ್ದು ಒಂದು ಸ್ಪೀಕರು ಮೂಲೆಗೂ ಇನ್ನೊಂದು ಬಾಲ್ಕನಿ ಬಾಗಿಲಿಗೂ ಬಂದರೆ, ಅಂಥಲ್ಲಿ ಇಡೀ ವ್ಯವಸ್ಥೆಯನ್ನು ಬೇರೆ ಗೋಡೆಗೆ ತಿರುಗಿಸುವುದು ಬಿಟ್ಟು ದಾರಿಯಿಲ್ಲ. ಎರಡೂ ಬದಿಗೆ ಒಂದೇ ಬಗೆಯ ಗೋಡೆ ಬೇಕು.

ವಿದೇಶಿ ಪುಸ್ತಕಗಳ ಸಲಹೆಯನ್ನು ಕಣ್ಣು ಮುಚ್ಚಿ ಪಾಲಿಸುವವರದ್ದು ಇನ್ನೊಂದು ಪಂಗಡ. ಅಮೆರಿಕದ ಮನೆಗಳ ಜಿಪ್ಸಂ ಹಲಗೆಯ ಗೋಡೆ ತಾನೇ ನಡುಗಿ ಆಳದ ಸ್ವರವನ್ನು ಅಷ್ಟಿಷ್ಟು ಹೀರುತ್ತದೆ. ಇಲ್ಲಿನ ಇಟ್ಟಿಗೆ, ಕಾಂಕ್ರೀಟು ಏನನ್ನೂ ಹೀರುವುದಿಲ್ಲ. ಸಾಲದ್ದಕ್ಕೆ ನೆಲಕ್ಕೆ ಹೊಳಪಿನ ಟೈಲ್ಸು. ಆ ಪುಸ್ತಕಗಳು ಹೇಳುವ ದಪ್ಪ ಕಾರ್ಪೆಟ್ಟಿನ ಜಾಗಕ್ಕೆ ನವಲಗುಂದದ ಜಮಖಾನೆ ಹಾಸಿದರೆ ಕಣ್ಣಿಗೆ ಹಬ್ಬ, ಚಪ್ಪಾಳೆಯ ಟಣ್‌ಗುಡುವಿಕೆಯೂ ತುಸು ತಗ್ಗುತ್ತದೆ, ಆದರೆ ಡಗ್ಗಾದ ಮೊರೆತಕ್ಕೆ ಅದರಿಂದ ಕೂದಲೂ ಕೊಂಕುವುದಿಲ್ಲ. ಅದಕ್ಕಿಂತ ತೆರೆದ ಬಾಗಿಲು ಮೇಲು. ಪಕ್ಕದ ಗೋಡೆಯಿಂದ ಮೊದಲು ಪುಟಿಯುವ ದನಿಯ ಜಾಗ ಹುಡುಕಲು ಗೋಡೆಗುಂಟ ಒಬ್ಬರು ಕನ್ನಡಿ ಸರಿಸಬೇಕು. ಕೂತವರಿಗೆ ಅದರಲ್ಲಿ ಸ್ಪೀಕರು ಎಲ್ಲಿ ಕಾಣುತ್ತದೋ ಅಲ್ಲಿ ಪುಸ್ತಕದ ಕಪಾಟನ್ನೋ ಮಡಿಸಿದ ಕೌದಿಯ ರಾಶಿಯನ್ನೋ ಇಟ್ಟರಾಯಿತು.

ಮೊಬೈಲಿನ ಮೈಕಿನಿಂದ ಕೋಣೆಯನ್ನು ಅಳೆದು ಎಲ್ಲ ಸರಿಪಡಿಸುತ್ತೇವೆಂಬ ಆ್ಯಪ್‌ಗಳು ಹೊಸ ನೆಪ. ಉಬ್ಬಿದ್ದನ್ನು ಅವು ಚೆನ್ನಾಗಿಯೇ ಕತ್ತರಿಸುತ್ತವೆ. ಗೋಡೆ ತಿಂದುಹಾಕಿದ್ದನ್ನು ತುಂಬಲಾರವು, ಏಕೆಂದರೆ ನೇರ ಅಲೆಯನ್ನು ಹೆಚ್ಚಿಸಿದರೆ ಎದುರು ಬರುವ ಅಲೆಯೂ ಅಷ್ಟೇ ಹೆಚ್ಚುತ್ತದೆ. 10 ಡೆಸಿಬಲ್ ಏರಿಸಲು ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಸುರಿಯಬೇಕು, ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ಎರಡು ಗೇಣು ಸರಿಸಿದರೆ ಮುಗಿಯುವ ಕೆಲಸಕ್ಕೆ ಕಂಪ್ಯೂಟರನ್ನು ಬೈಯುವುದೂ ಅನ್ಯಾಯ.

ಮನೆಯೊಳಗಿನ ರಾಜಕೀಯವನ್ನು ಮರೆತು ಇದನ್ನೆಲ್ಲ ಹೇಳುವವರು ಮದುವೆಯಾಗದವರಿರಬೇಕು. ನಡುಮನೆಗೆ ಚಾಚಿಕೊಂಡ ಸ್ಪೀಕರು ಗುಡಿಸಿ ಒರೆಸಲು ಬರುವವರಿಗೆ ಅಡ್ಡಿ, ಅಂಬೆಗಾಲಿಡುವ ಮಗುವಿಗೆ ಆಟಿಕೆ, ಅತ್ತೆಯವರಿಗೆ ಎಡವುಗಲ್ಲು. ಇದು ನ್ಯಾಯವಾದ ತಕರಾರು. ಆದರೆ ಸ್ಪೀಕರು ದಿನವಿಡೀ ಅಲ್ಲೇ ನಿಂತಿರಬೇಕೆಂದು ಯಾರೂ ಹೇಳಿಲ್ಲ. ಟೈಲ್ಸಿನ ಮೇಲೆ ನಾಲ್ಕು ತುಂಡು ಟೇಪು ಅಂಟಿಸಿ ಗುರುತು ಮಾಡಿಟ್ಟರೆ ಕೇಳುವ ಹೊತ್ತಿಗೆ ಎಳೆದು, ಮುಗಿದ ಮೇಲೆ ತಳ್ಳಬಹುದು. ಹಾರ್ಮೋನಿಯಂ ತೆಗೆದು ನುಡಿಸಿ ಮತ್ತೆ ಮುಚ್ಚಿಡುವುದಿಲ್ಲವೇ? ಸ್ಟ್ಯಾಂಡಿಗೆ ಸಾವಿರಾರು ರೂಪಾಯಿಯೂ ಬೇಡ. ಒಂದರ ಮೇಲೊಂದು ಸಿಮೆಂಟಿನ ಬ್ಲಾಕು, ಮೇಲೊಂದು ಕಡಪ ಕಲ್ಲಿನ ತುಂಡು. ಭಾರವಿರುವುದರಿಂದ ಇದನ್ನು ಮಾತ್ರ ದಿನಾ ಎಳೆದಾಡದೆ, ಮಗುವಿಲ್ಲದ ಮನೆಗೆ ಮೀಸಲಿಡುವುದು ಒಳ್ಳೆಯದು. ಟ್ವೀಟರು ಕೂತವರ ಕಿವಿಯ ಮಟ್ಟಕ್ಕೆ ಬರಬೇಕು, ಸೋಫಾದವರಿಗೆ ನೆಲದಿಂದ ಸುಮಾರು 3 ಅಡಿ; ಚಾಪೆಯ ಮೇಲೆ ಕೂತು ಕೇಳುವವರಿಗೆ ಇನ್ನೂ ಕೆಳಗೆ.

ಪರೀಕ್ಷೆಗೆ ವಿಶೇಷ ಡಿಸ್ಕುಗಳೇನೂ ಬೇಕಿಲ್ಲ. ಸ್ಟೀರಿಯೊ ಎಲ್‌ಪಿಗಳು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಗೆ. ಅದಕ್ಕೆ ಹಿಂದಿನ ಗ್ರಾಮಫೋನ್ ತಟ್ಟೆಗಳೆಲ್ಲ ಮೊನೊ, ಎರಡೂ ಸ್ಪೀಕರಿಗೆ ಹೋಗುವುದು ಒಂದೇ ದನಿ. ಮಲ್ಲಿಕಾರ್ಜುನ ಮನಸೂರರದ್ದೋ ಗಂಗೂಬಾಯಿ ಹಾನಗಲ್ಲರದ್ದೋ ಆ ಕಾಲದ ಒಂದು ಮುದ್ರಿಕೆ ಹಾಕಿ, ಕಣ್ಣು ಮುಚ್ಚಿ ಕೂರಬೇಕು. ದನಿ ಗೋಡೆಯಗಲಕ್ಕೆ ಹರಡಿಕೊಂಡರೆ ಎರಡು ಪೆಟ್ಟಿಗೆಗಳ ಸುತ್ತಮುತ್ತ ಒಂದೇ ರೀತಿಯಿಲ್ಲ. ಎಡಕ್ಕೆ ವಾಲಿದರೆ ಎಡಗಡೆಯದನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಬೇಕು, ಮತ್ತೆ ಕೇಳಬೇಕು, ಮತ್ತೊಂದು ಬೆರಳು. ಎರಡು ಸ್ಪೀಕರುಗಳ ನಡುವಿನ ಖಾಲಿ ಗೋಡೆಯ ಮುಂದೆ, ಅಂಗೈಯಗಲದ ಜಾಗದಿಂದ ಹಾಡು ಬರತೊಡಗಿದಾಗ ಟೇಪು ಅಂಟಿಸಬಹುದು.