ಹೆಸರು ಗೊತ್ತು, ರೂಪ ಗೊತ್ತಿಲ್ಲ

‘ಡಿಯುಬಿಕ್ವಿಟಿನೇಸ್ ಕುರಿತು ಟಿಪ್ಪಣಿ ಬರೆಯಿರಿ, 5 ಅಂಕ.’ ಯುಬಿಕ್ವಿಟಿನ್ ಸರಪಳಿಯನ್ನು ತೆಗೆದುಹಾಕುವ ಕಿಣ್ವ ಎಂದು ಬರೆದು, ಪಕ್ಕದಲ್ಲೊಂದು ಚಿತ್ರ ಬಿಡಿಸಿದರೆ ಅಂಕ ಗ್ಯಾರಂಟಿ. ಹೇಗೆ ತೆಗೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿರುವ ನನ್ನ ತಕರಾರು ಇರುವುದೇ ಇಲ್ಲಿ.

ಯುಬಿಕ್ವಿಟಿನ್ 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್. ಜೀವಕೋಶ ಇದನ್ನು ಬೇರೆ ಪ್ರೋಟೀನ್‌ಗಳಿಗೆ ಚೀಟಿಯಂತೆ ಅಂಟಿಸಿ ನಾಶಕ್ಕೆ ಕಳಿಸುತ್ತದೆ ಎಂದು ತೋರಿಸಿದ ಚಿಕನೋವರ್, ಹೆರ್ಶ್ಕೊ, ರೋಸ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಇಷ್ಟು ನಮ್ಮ ನೋಟ್ಸ್‌ನಲ್ಲೂ ಇದೆ. ಸ್ವಾರಸ್ಯ ಇರುವುದು ಮುಂದೆ. ಯುಬಿಕ್ವಿಟಿನ್‌ಗಳು ಮಣಿಸರದಂತೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಮಣಿ ಒಂದೇ, ಕೊಂಡಿ ಮಾತ್ರ ಎಂಟು ಬಗೆ: ಏಳು ಲೈಸಿನ್‌ಗಳಲ್ಲಿ, ಇನ್ನೊಂದು ತುದಿಯ ಮೆಥಿಯೊನಿನ್‌ನಲ್ಲಿ. 48ನೇ ಲೈಸಿನ್‌ನಲ್ಲಿ ಕೂಡಿದ ಸರ ಸಾಮಾನ್ಯವಾಗಿ ನಾಶದ ಗುರುತು; 63ನೆಯದಾದರೆ ಡಿಎನ್‌ಎ ದುರಸ್ತಿಯಂಥ ಕೆಲಸಕ್ಕೆ ಕರೆ. ಈ ಸರಗಳನ್ನು ಕಳಚುವ ಕಿಣ್ವಗಳು ನಮ್ಮ ದೇಹದಲ್ಲಿ ಸುಮಾರು ನೂರಿವೆ. ಮಣಿಗಳೆಲ್ಲ ಒಂದೇ ಥರ ಇರುವಾಗ ತಾನು ಕತ್ತರಿಸಬೇಕಾದ ಕೊಂಡಿ ಯಾವುದೆಂದು ಕಿಣ್ವಕ್ಕೆ ತಿಳಿಯುವುದು ಹೇಗೆ?

ಒಟುಲಿನ್ ಎಂಬ ಕಿಣ್ವವನ್ನೇ ನೋಡಿ. ಇದು ಕತ್ತರಿಸುವುದು ಮೆಥಿಯೊನಿನ್ ಕೊಂಡಿಯನ್ನು ಮಾತ್ರ. 2013ರಲ್ಲಿ ಕೇಂಬ್ರಿಜ್‌ನ ಡೇವಿಡ್ ಕೊಮಾಂಡರ್ ಅವರ ತಂಡ ಇದರ ರಚನೆಯನ್ನು ಬಿಡಿಸಿತು. ಕಿಣ್ವ ಕೊಂಡಿಯ ಎರಡೂ ಬದಿಯ ಮಣಿಗಳನ್ನು ಹಿಡಿದುಕೊಳ್ಳುತ್ತದೆ. ಆದರೆ ಒಂಟಿಯಾಗಿದ್ದಾಗ ಅದರ ಕತ್ತರಿಸುವ ಭಾಗದ ಅಮೈನೊ ಆಮ್ಲಗಳು ಸರಿಯಾದ ಸಾಲಿನಲ್ಲೇ ಇರುವುದಿಲ್ಲ! ಒಂದು ಮಣಿಯ 16ನೇ ಗ್ಲುಟಮೇಟ್ ಒಳಕ್ಕೆ ಚಾಚಿ ಅವನ್ನು ಸಾಲಿಗೆ ತರುತ್ತದೆ. ಆ ಗ್ಲುಟಮೇಟ್ ಸರಿಯಾಗಿ ಆ ಜಾಗಕ್ಕೆ ಬರುವುದು ಮೆಥಿಯೊನಿನ್ ಕೊಂಡಿ ಇದ್ದಾಗಲೇ. ಪಿಯುಸಿಯಲ್ಲಿ ಓದಿದ ಬೀಗ–ಕೀಲಿ ಮಾದರಿಯಲ್ಲಿ ಬೀಗ ಮೊದಲೇ ಸಿದ್ಧವಾಗಿರುತ್ತದೆ. ಇಲ್ಲಿ ಕೀಲಿಯೇ ಒಳಗೆ ಹೋಗಿ ಬೀಗವನ್ನು ರಿಪೇರಿ ಮಾಡುತ್ತದೆ.

ಇದು ಬರೀ ಚಂದದ ಚಿತ್ರವಲ್ಲ. ಒಟುಲಿನ್ ವಂಶವಾಹಿಯಲ್ಲೇ ದೋಷವಿರುವ ಹಸುಗೂಸುಗಳಿಗೆ ಮತ್ತೆ ಮತ್ತೆ ಜ್ವರ ಬರುತ್ತದೆ, ಚರ್ಮ ಉರಿಯೂತಕ್ಕೆ ತುತ್ತಾಗುತ್ತದೆ. 2016ರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಕಳಚಬೇಕಾದ ಸರ ಕಳಚದೆ ಉಳಿದರೆ ಆಗುವುದು ಹೀಗೆ.

ಈ ರಚನೆಗಳೆಲ್ಲ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಉಚಿತವಾಗಿ ಸಿಗುತ್ತವೆ. 1971ರಲ್ಲಿ ಅದು ಶುರುವಾದಾಗ ಇದ್ದದ್ದು 7 ರಚನೆ; ಈಗ 2 ಲಕ್ಷಕ್ಕೂ ಹೆಚ್ಚು. ಕ್ರಿಸ್ಟಲ್ ಬೆಳೆಸಿ ಎಕ್ಸ್-ರೇ ಹಾಯಿಸುವ ಸೌಲಭ್ಯ ನಮ್ಮ ಕಾಲೇಜುಗಳಲ್ಲಿ ಇಲ್ಲ, ಒಪ್ಪೋಣ. ನೋಡುವುದಕ್ಕೆ ಮೊಬೈಲ್ ಸಾಕಲ್ಲ? ರಾಮಚಂದ್ರನ್ ನಕ್ಷೆಯ ವರ್ಷ 1963 ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಒಂದು ನಿಜವಾದ ಪ್ರೋಟೀನ್ ಅದರಲ್ಲಿ ಹೇಗೆ ಕಾಣುತ್ತದೆ ಎಂದು ತೆರೆದು ನೋಡಿದವರು ನನ್ನ ತರಗತಿಯಲ್ಲಿ ನಾಲ್ಕೈದು ಮಂದಿ ಇದ್ದರೆ ಹೆಚ್ಚು.

‘ಇದರಿಂದ ಕೆಲಸ ಸಿಗುತ್ತಾ?’ ಎಂದು ಗೆಳೆಯರು ಕೇಳುತ್ತಾರೆ. ಇದೊಂದರಿಂದಲೇ ಸಿಗಲಿಕ್ಕಿಲ್ಲ. ಆದರೆ ಔಷಧ ಸಂಶೋಧನೆಯಲ್ಲಿ ಕಿಣ್ವದ ಯಾವ ಸಂದಿಯಲ್ಲಿ ಅಣು ಕೂರುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ಹೆಸರುಗಳ ಪಟ್ಟಿ ಒಪ್ಪಿಸುವವರಿಗೆ ಅಲ್ಲಿ ಏನು ಕೆಲಸ?

ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ವರ್ಷವರ್ಷವೂ ಸೀನಿಯರ್‌ಗಳದ್ದನ್ನೇ ನಕಲು ಮಾಡುವ ಒಂದೆರಡು ಪ್ರಯೋಗಗಳನ್ನು ಕೈಬಿಟ್ಟು, ಪ್ರತಿ ವಿದ್ಯಾರ್ಥಿಗೂ ಒಂದೊಂದು ರಚನೆ ಕೊಟ್ಟು ನೋಡಲಿ. ಅಲ್ಲಿಯವರೆಗೆ ಕಾಯಬೇಕಿಲ್ಲ. ಇವತ್ತು ಸಂಜೆಯೇ ಡೇಟಾ ಬ್ಯಾಂಕ್‌ನಲ್ಲಿ ಒಟುಲಿನ್ ಹುಡುಕಿ, ಜೋಡಿ ಯುಬಿಕ್ವಿಟಿನ್ ಜೊತೆಗಿರುವ ರಚನೆ ತೆರೆದು, ಆ 16ನೇ ಗ್ಲುಟಮೇಟ್ ಎಲ್ಲಿಗೆ ಕೈ ಚಾಚಿದೆ ಎಂದು ತಿರುಗಿಸಿ ನೋಡಿ.