ಜಗಲಿಯಲ್ಲೊಂದು ನಕ್ಷತ್ರ

ಕನ್ನಡ ಪಂಡಿತರಿಗೆ ದೂರದರ್ಶಕದ ಉಸಾಬರಿ ಏಕೆ ಎಂದು ಹೆತ್ತವರಲ್ಲಿ ಕೆಲವರು ಕೇಳಿದ್ದುಂಟು. ಸಂದರ್ಭ ಹೀಗಿದೆ. ಕಳೆದ ಮಳೆಗಾಲದಲ್ಲಿ ಪ್ರಯೋಗಾಲಯದ ಕಪಾಟನ್ನು ಗುಡಿಸಿ ಒರಸುವಾಗ ಒಂದು ದೂರದರ್ಶಕ ಸಿಕ್ಕಿತು. ಅದರ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ. ಎಂದೋ ಒಮ್ಮೆ ಚಂದ್ರ ಮಸುಕಾಗಿ ಕಂಡನಂತೆ, ಅಂದಿನಿಂದ ಬೀಗ. ನಾವು ತೆರೆದು ನೋಡಿದೆವು. ಕನ್ನಡಿ ಒಡೆದಿರಲಿಲ್ಲ, ಬೂಸಲು ಹಿಡಿದಿರಲಿಲ್ಲ. ಕೊಳವೆಯೊಳಗಿನ ಎರಡು ಕನ್ನಡಿಗಳು ಒಂದಕ್ಕೊಂದು ನೇರವಾಗಿರಲಿಲ್ಲ, ಅಷ್ಟೆ. ಸರಿಪಡಿಸುವ ತಿರುಪುಗಳು ಹಿಂಬದಿಯಲ್ಲೇ ಇದ್ದವು. ಮುಟ್ಟಿದರೆ ಹಾಳಾದೀತೆಂದು ಯಾರೂ ಮುಟ್ಟಿರಲಿಲ್ಲ. ಶಾಲೆಯ ಉಪಕರಣಗಳು ಮಕ್ಕಳ ಕೈಯಲ್ಲಿ ಕೆಡುವುದಕ್ಕಿಂತ ಕಪಾಟಿನೊಳಗೆ ಕೆಡುವುದೇ ಹೆಚ್ಚೆಂಬುದು ನಮ್ಮ ಅಭಿಮತ.

ನ್ಯೂಟನ್ 1668ರಲ್ಲಿ ರಚಿಸಿದ ಬಗೆಯ ದೂರದರ್ಶಕವಿದು. ತಳದ ನಿಮ್ನ ದರ್ಪಣ ಬೆಳಕನ್ನು ಒಟ್ಟುಗೂಡಿಸುತ್ತದೆ; ಬಾಯಿಯ ಬಳಿಯ ಚಿಕ್ಕ ಕನ್ನಡಿ ಅದನ್ನು ಪಕ್ಕಕ್ಕೆ, ನಮ್ಮ ಕಣ್ಣಿನತ್ತ ಹೊರಳಿಸುತ್ತದೆ. ಇವೆರಡರ ಹೊಂದಾಣಿಕೆಯನ್ನು ಪರೀಕ್ಷಿಸಲು ಒಂದು ನಕ್ಷತ್ರ ಬೇಕು. ಅದನ್ನು ಸ್ಪಷ್ಟವಾಗಿ ಹಿಡಿದು, ಬಳಿಕ ತುಸು ಮಸುಕು ಮಾಡಿದರೆ ಉಂಗುರದೊಳಗೆ ಉಂಗುರ ಕಾಣುತ್ತದೆ. ನಡುವಿನ ಕಪ್ಪು ಬೊಟ್ಟು ಸರಿಮಧ್ಯದಲ್ಲಿದ್ದರೆ ಕನ್ನಡಿಗಳು ನೇರ. ಬದಿಗೆ ಸರಿದಿದ್ದರೆ ಓರೆ.

ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಾಸರಗೋಡಿನಲ್ಲಿ ನಕ್ಷತ್ರವನ್ನು ಎಲ್ಲಿಂದ ತರೋಣ? ಮೋಡವಿಲ್ಲದ ರಾತ್ರಿಯಲ್ಲೂ ನೂರು ಪಟ್ಟು ಹಿಗ್ಗಿಸಿ ನೋಡಿದರೆ, ಭೂಮಿ ತಿರುಗುವ ಕಾರಣ, ಅದು ಒಂದೆರಡು ನಿಮಿಷದಲ್ಲೇ ಕಣ್ಣಿಂದ ಜಾರಿಹೋಗುತ್ತದೆ. ಮೇಲಾಗಿ ಕತ್ತಲಾದ ಮೇಲೆ, ಕೊನೆಯ ಬಸ್ಸೂ ಹೋದ ಮೇಲೆ, ಮಕ್ಕಳನ್ನು ಶಾಲೆಯಲ್ಲಿ ಇರಿಸಿಕೊಳ್ಳುತ್ತೇವೆಂದರೆ ಯಾವ ತಾಯಿ ಒಪ್ಪಿಯಾಳು? ಆದುದರಿಂದ ನಕ್ಷತ್ರವನ್ನು ನಾವೇ ಮಾಡಿಕೊಂಡೆವು.

ಟಾರ್ಚಿನ ಗಾಜಿನ ಮೇಲೆ ತೆಳ್ಳನೆಯ ಬಿಳಿ ಕಾಗದ, ಅದರ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಅಂಚಿನಲ್ಲಿ ಬೆಳಕು ಸೋರದಂತೆ ಕಪ್ಪು ಟೇಪು. ಇನ್ನು ತೂತು. ಹಾಳೆಯನ್ನು ನಾಲ್ಕೈದು ಪದರ ಮಡಚಿ ಸೂಜಿಯಿಂದ ಮೆಲ್ಲನೆ ಒತ್ತಿದರೆ ಕೊನೆಯ ಪದರದಲ್ಲಿ ಬೀಳುವ ತೂತೇ ಎಲ್ಲಕ್ಕಿಂತ ಕಿರಿದು. ಆ ಪದರವನ್ನೇ ಬಳಸಬೇಕು. 0.1 ಮಿ.ಮೀ. ಆದರೆ ಸಾಕು. ನಮ್ಮ ದೂರದರ್ಶಕದ ಕನ್ನಡಿ 114 ಮಿ.ಮೀ. ಅಗಲದ್ದು, 30 ಮೀಟರ್ ದೂರದಲ್ಲಿ ಸುಮಾರು 0.18 ಮಿ.ಮೀ.ಗಿಂತ ಕಿರಿದಾದುದೆಲ್ಲ ಅದಕ್ಕೆ ಬರಿಯ ಬಿಂದು. ತೂತು ದೊಡ್ಡದಾದರೆ ಉಂಗುರಗಳು ಕಲಸಿಹೋಗುತ್ತವೆ. ನಮ್ಮ ಮೊದಲ ಮೂರು ತೂತುಗಳ ಗತಿ ಅದೇ ಆಯಿತು.

ಬಿಸಿಲಿನ ದಿನಗಳಲ್ಲಿ ಸೂಜಿಯೂ ಬೇಡ. ಸೈಕಲ್ ಚಕ್ರದ ಬೇರಿಂಗಿನ ಉಕ್ಕಿನ ಗುಂಡೊಂದನ್ನು ಕಪ್ಪು ಹಲಗೆಗೆ ಅಂಟಿಸಿ ಬಿಸಿಲಿಗಿಟ್ಟರೆ ಅದರಲ್ಲಿ ಸೂರ್ಯನ ಪುಟ್ಟ ಬಿಂಬ ಮಿನುಗುತ್ತದೆ. 6 ಮಿ.ಮೀ. ಗುಂಡಿನಲ್ಲಿ ಆ ಬಿಂಬದ ಅಗಲ ಸುಮಾರು 0.014 ಮಿ.ಮೀ.! (ಗುಂಡನ್ನು ಸೈಕಲ್ ಅಂಗಡಿಯಲ್ಲಿ ಕೇಳಿ ಪಡೆಯಿರಿ; ಅಪ್ಪನ ಸೈಕಲ್ ಬಿಚ್ಚಬೇಡಿ.) ಒಂದು ಮಾತು ಕಡ್ಡಾಯ: ಸೂರ್ಯ ಸದಾ ನಮ್ಮ ಬೆನ್ನ ಹಿಂದಿರಬೇಕು. ಕೊಳವೆಯನ್ನು ಸೂರ್ಯನತ್ತ ತಿರುಗಿಸಿ ನೋಡಿದರೆ ಕಣ್ಣು ಹೋಗುತ್ತದೆ. ಹಗಲಿನ ಈ ಪ್ರಯೋಗ ಶಿಕ್ಷಕರ ಮುಂದೆ ಮಾತ್ರ.

ನಕ್ಷತ್ರ ಹತ್ತಿರದಲ್ಲಿರುವುದರಿಂದ ಕಣ್ಣಿಡುವ ಮಸೂರವನ್ನು ಎಂದಿಗಿಂತ 3 ಸೆಂ.ಮೀ.ನಷ್ಟು ಹೊರಗೆಳೆಯಬೇಕಾಯಿತು. ಒಂಬತ್ತನೆಯ ತರಗತಿಯ ಒಬ್ಬಳು ನೋಡುತ್ತ ‘ಎಡಕ್ಕೆ, ಇನ್ನೂ ಸ್ವಲ್ಪ’ ಎನ್ನುವಳು. ಇನ್ನೊಬ್ಬಳು ಹಿಂದೆ ಕುಳಿತು ತಿರುಪನ್ನು ಕಾಲು ಸುತ್ತು ತಿರುಗಿಸುವಳು. ಪ್ರತಿ ಸಲವೂ ನಕ್ಷತ್ರ ಬದಿಗೆ ಓಡುವುದು, ಮರಳಿ ನಡುವಿಗೆ ತರುವುದು. ಮುಕ್ಕಾಲು ಗಂಟೆಯಾಯಿತು. ಬೊಟ್ಟು ನಡುವಿಗೆ ಬಂದಾಗ ಹೊರಗೆ ಮಳೆ ಹೊಯ್ಯುತ್ತಿತ್ತು.

ಇಂತಹ ಪರೀಕ್ಷೆ ಮಕ್ಕಳಾಟವೆಂದು ತಿಳಿಯಬೇಡಿ. 1990ರಲ್ಲಿ ಬಾನಿಗೇರಿದ ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್‌ನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಅದನ್ನು ಅಳೆದ ಉಪಕರಣವೇ ತಪ್ಪಾಗಿ ಜೋಡಣೆಯಾಗಿತ್ತು; ತಪ್ಪನ್ನು ತೋರಿಸಿದ್ದ ಬೇರೆ ಸರಳ ಪರೀಕ್ಷೆಗಳನ್ನು ನಂಬಲಿಲ್ಲ; ಪೂರ್ತಿ ಜೋಡಿಸಿದ ಮೇಲೆ ಒಟ್ಟಾಗಿ ಪರೀಕ್ಷಿಸುವುದನ್ನು ಖರ್ಚಿನ ದೆಸೆಯಿಂದ ಕೈಬಿಟ್ಟರು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳೇ ಹೋಗಿ ಅದನ್ನು ಸರಿಪಡಿಸಬೇಕಾಯಿತು.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೆ ವಿಜ್ಞಾನಕ್ಕೆ ತೊಡಕಾದೀತೆಂಬ ಅಳುಕು ಹೆತ್ತವರಲ್ಲಿದೆ. ಹೈಯರ್ ಸೆಕೆಂಡರಿಯಲ್ಲಿ ಇಂಗ್ಲಿಷ್ ಪದಗಳು ಎದುರಾಗುವುದು ನಿಜ. ಎರಡು ಭಾಷೆಗಳಲ್ಲಿ ಕಲಿತ ನಮಗೂ ಆ ಕಷ್ಟ ಗೊತ್ತು. ಆದರೆ ಆ ಇಬ್ಬರು ಹುಡುಗಿಯರು ತಾವು ಕಂಡದ್ದನ್ನು ತಿರುಪು, ಉಂಗುರ, ಬೊಟ್ಟು ಎಂದು ಮೂರು ಪುಟ ಬರೆದು ತಂದಿದ್ದಾರೆ. ಪ್ರಬಂಧದ ಪುಸ್ತಕದಲ್ಲಿ ಅವರಿಂದ ಇಷ್ಟು ನೇರವಾದ ಕನ್ನಡ ನಮಗೆ ಎಂದೂ ಸಿಕ್ಕಿರಲಿಲ್ಲ. ಅದಕ್ಕಾಗಿಯೇ ಈ ಉಸಾಬರಿ.

‘ಕೆಟ್ಟಿದೆ’ ಎಂಬ ಚೀಟಿಯನ್ನು ಕಿತ್ತಿದ್ದೇವೆ. ಕಪಾಟಿನ ಬೀಗದ ಕೈ ಶಿಕ್ಷಕರ ಕೊಠಡಿಯ ಮೊಳೆಯಲ್ಲಿದೆ. ಶುಕ್ರವಾರ ಸಂಜೆ ನಾಲ್ಕು ಗಂಟೆಗೆ, ಮನೆಯಲ್ಲಿ ಹೇಳಿ, ಒಂದು ಟಾರ್ಚು ಹಿಡಿದು ಬನ್ನಿ.